ಬೆಚ್ಚಗಿನ ಪಟ್ಟಿಯೂ ತಣ್ಣಗಿನ ಸೊಸೆಯೂ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅಂದರೆ ಈ ಸರಕು ಗೋದಾಮಿನ ವ್ಯವಸ್ಥಾಪಕರೇ. ಅವರ ಬಲಗಡೆ ಇರುವ ಅಗ್ನಿಶಾಮಕ ಠಾಣೆಯ ಅಧಿಕಾರಿಗಳೇ. ಎಡತುದಿಯಲ್ಲಿ, ಕಾಲಡಿಗೆ ಸ್ಟೂಲು ಕೊಟ್ಟು ಕೂರಿಸಿರುವ ನಮ್ಮ ತರಬೇತಿಯ ಅಧ್ಯಾಪಕಿಯೇ. ಪ್ರಮಾಣಪತ್ರಕ್ಕಾಗಿ ಕಾದಿರುವ ನನ್ನ ಸಹಪಾಠಿಗಳೇ. ಮತ್ತು ಊಟ ಎಷ್ಟೊತ್ತಿಗೆ ಎಂದು ಯೋಚಿಸುತ್ತಿರುವ ಸಭಿಕರೇ, ನಿಮಗೆಲ್ಲ ನನ್ನ ವಂದನೆಗಳು.

ವಿದ್ಯಾರ್ಥಿಗಳ ಪರವಾಗಿ ನಾನು ಮಾತಾಡಬೇಕಂತೆ. ಲಿಥಿಯಂ ಬ್ಯಾಟರಿಗಳನ್ನು ಸುರಕ್ಷಿತವಾಗಿ ಕಳಿಸುವ ತರಬೇತಿಯ ಮಹತ್ವ ಎಂಬುದು ವಿಷಯ. ಮಹತ್ವ ಇದೆ, ಖಂಡಿತ ಇದೆ. ಇಷ್ಟು ಹೇಳಿ ಕೂತರೆ ನಿಮಗೂ ಸುಖ. ಆದರೆ ಮೈಕು ಸಿಕ್ಕಿದ ಮೇಲೆ ಬಿಡುವ ಜಾಯಮಾನ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.

ನಾನು ಹೊಲಿಗೆಯವಳು. ಮೂವತ್ತು ವರ್ಷ ಮಷೀನಿನ ಮುಂದೆ ಬಾಗಿ ಕುಳಿತವಳಿಗೆ ಸೊಂಟ ಎನ್ನುವುದು ಉಳಿಯುತ್ತದೆಯೇ? ಉಳಿಯಲಿಲ್ಲ. ಬಿಸಿ ಶಾಖ ಕೊಟ್ಟುಕೊಂಡರೆ ಹಾಯೆನಿಸುತ್ತಿತ್ತು. ಆದರೆ ಶಾಖ ಕೊಡಲು ಮಲಗಬೇಕು, ಮಲಗಿದರೆ ಹೊಲಿಯುವವರು ಯಾರು? ಅದಕ್ಕೇ ನಾನು ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿಯೊಂದನ್ನು ಹೊಲಿದೆ. ಒಳಗೆ ಬಿಸಿಯಾಗುವ ತಂತಿ, ಪಕ್ಕದ ಜೇಬಿನಲ್ಲಿ ಅಂಗೈಯಗಲದ ಬ್ಯಾಟರಿ, ಮೇಲೊಂದು ಗುಂಡಿ. ಗುಂಡಿ ಒತ್ತಿದರೆ ಸೊಂಟ ಬೆಚ್ಚಗೆ. ನೆರೆಮನೆಯಾಕೆ ಕೇಳಿದಳು, ಅವಳ ಅಕ್ಕ ಕೇಳಿದಳು, ಕೊನೆಗೆ ಸಮುದ್ರದಾಚೆಯ ಅಂಗಡಿಯವರೊಬ್ಬರು ಪೆಟ್ಟಿಗೆಗಟ್ಟಲೆ ಕೇಳಿದರು. ಸೊಂಟನೋವಿಗೆ ದೇಶಭಾಷೆ ಇಲ್ಲ ನೋಡಿ.

ಆ ಮೊದಲ ಪೆಟ್ಟಿಗೆಯನ್ನು ಹೊತ್ತುಕೊಂಡು ಇದೇ ಗೋದಾಮಿನ ಕೌಂಟರಿಗೆ ಬಂದೆ. ಅಲ್ಲೊಬ್ಬ ಹುಡುಗಿ ಇದ್ದಳು. ತೂಕ ನೋಡುವ ಮೊದಲೇ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

"ಅಮ್ಮಾ, ಪೆಟ್ಟಿಗೆ ಬೆಚ್ಚಗಿದೆ."

"ಬೆಚ್ಚಗೇ ಇರ್ಬೇಕಮ್ಮ. ಅದಕ್ಕೇ ಅಲ್ವಾ ಜನ ದುಡ್ಡು ಕೊಡೋದು?"

ಅವಳು ನಗಲಿಲ್ಲ. ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು, ಗೋಡೆಯಿಂದ ದೂರದಲ್ಲಿಟ್ಟು ಬಿಚ್ಚಿದಳು. ನಾನು ಟೇಪನ್ನು ಬಿಗಿಯಾಗಿ ಸುತ್ತಿದ್ದಕ್ಕೆ ಒಂದು ಪಟ್ಟಿಯ ಗುಂಡಿ ಒತ್ತಿಕೊಂಡು, ಅದು ಒಳಗೇ ಕಾಯುತ್ತಾ ಕುಳಿತಿತ್ತು. ಬೇರೆ ಬ್ಯಾಟರಿಗಳನ್ನು ಬಿಡಿಬಿಡಿಯಾಗಿ ಮೂಲೆಗೆ ತುರುಕಿದ್ದೆ. ಅವುಗಳ ಲೋಹದ ತುದಿಗಳು ಒಂದಕ್ಕೊಂದು ತಾಗುವಂತಿದ್ದವು. ವಿಮಾನದ ಹೊಟ್ಟೆಯಲ್ಲಿ ಇದು ಹೊತ್ತಿಕೊಂಡಿದ್ದರೆ ಯಾರು ಹೋಗಿ ಆರಿಸಬೇಕಿತ್ತು ಎಂದು ಕೇಳಿ, ಇಡೀ ಸರಕನ್ನು ವಾಪಸು ಕೊಟ್ಟಳು. ಆಗ ನಾನು ನನ್ನ ಅಭಿಪ್ರಾಯ ತಿಳಿಸಿದೆ. ಜೋರಾಗಿ ಅಲ್ಲ, ಸ್ಪಷ್ಟವಾಗಿ. ಪಕ್ಕದ ಬೀದಿಯವರೆಗೂ ಸ್ಪಷ್ಟವಾಗಿತ್ತು ಎಂದು ಆಮೇಲೆ ತಿಳಿಯಿತು.

ನಾನು ಜಗಳಗಂಟಿಯಲ್ಲ. ಬೇಕಿದ್ದರೆ ಯಾರನ್ನಾದರೂ ಕೇಳಿ. ಅಧ್ಯಕ್ಷರನ್ನು ಬಿಟ್ಟು.

ಮನೆಗೆ ಬಂದು ಮಗನಿಗೆ ಹೇಳಿದೆ, ನಾಳೆ ಹೋಗಿ ಆ ಹುಡುಗಿಯನ್ನು ಎರಡು ಮಾತು ಕೇಳಿಬಾ ಎಂದು. ನನ್ನ ಮಗ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವನು, ಮೆತ್ತಗಿನ ಆಸಾಮಿ. ಹೋದ. ಬಂದು, ನಿಯಮ ಅವರ ಕಡೆಗಿದೆ ಅಮ್ಮ ಎಂದ. ಇನ್ನೊಮ್ಮೆ ಹೋಗು ಎಂದೆ. ಹೋದ. ಆಮೇಲಾಮೇಲೆ ನಾನು ಹೇಳದೆಯೇ ಹೋಗತೊಡಗಿದ. ತಲೆ ಬಾಚಿಕೊಂಡು ಹೋಗತೊಡಗಿದ. ತಾಯಿಯ ಪರವಾಗಿ ಇಷ್ಟು ಹೋರಾಡುವ ಮಗ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಊರವರ ಕಣ್ಣು ನೋಡುವವನು ತನ್ನ ಕಣ್ಣನ್ನು ಕೌಂಟರಿನಲ್ಲೇ ಬಿಟ್ಟು ಬಂದಿದ್ದಾನೆಂದು ನನಗೇನು ಗೊತ್ತು? ಎರಡು ಮಾತು ಕೇಳಿಬಾ ಎಂದರೆ, ಇರುವ ಒಂದೇ ಮಾತನ್ನೂ ಕೊಟ್ಟು ಬಂದ.

ಹೀಗೆ ಆ ಹುಡುಗಿ ನನ್ನ ಸೊಸೆಯಾದಳು. ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕುಳಿತಿದ್ದಾಳಲ್ಲ, ಅವಳೇ.

ಒಂದೇ ಮನೆಯಲ್ಲಿದ್ದೆವು. ಜಗಳವಿರಲಿಲ್ಲ, ಮಾತೂ ಇರಲಿಲ್ಲ. ನಾನು ಅವಳನ್ನು "ನೀವು" ಎನ್ನುತ್ತಿದ್ದೆ. ಗೌರವಕ್ಕೆ ಎಂದು ಮಗನಿಗೆ ಹೇಳಿದ್ದೆ. "ನೀವು ಊಟ ಮಾಡಿದ್ರಾ?" "ನಿಮ್ಮ ಟವೆಲ್ ಒಣಗಿದೆ." ಗೌರವದಿಂದಲೂ ಮನೆಯನ್ನು ತಣ್ಣಗೆ ಮಾಡಬಹುದು ಸಭಿಕರೇ, ಅದಕ್ಕೆ ಬ್ಯಾಟರಿ ಬೇಕಿಲ್ಲ.

ಅಷ್ಟರಲ್ಲಿ ಗೋದಾಮಿನವರು, ಬ್ಯಾಟರಿ ಕಳಿಸುವ ಚಿಕ್ಕ ವ್ಯಾಪಾರಿಗಳೂ ತರಬೇತಿ ಪಡೆಯಬೇಕು, ಇಲ್ಲದಿದ್ದರೆ ಸರಕು ಮುಟ್ಟುವುದಿಲ್ಲ ಎಂದರು. ನಾನು ಬಂದೆ. ಕಲಿಸುವವರು ಯಾರು? ಸೊಸೆ. ನಾನು ಕೊನೆಯ ಬೆಂಚಿನಲ್ಲಿ ಕುಳಿತೆ. ಅವಳು ಪಾಠ ಮಾಡಿದಳು. ತುದಿಗಳಿಗೆ ಟೇಪು ಹಾಕಿ, ಒಂದು ಇನ್ನೊಂದಕ್ಕೆ ತಾಗದಂತೆ ಇಡಿ. ಗುಂಡಿ ತಾನಾಗಿ ಒತ್ತಿಕೊಳ್ಳದಂತೆ ಬಂದೋಬಸ್ತು ಮಾಡಿ. ಬರೀ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವುದಾದರೆ ಸರಕಿನ ವಿಮಾನದಲ್ಲೇ, ಅದೂ ಚಾರ್ಜ್ ಶೇಕಡಾ ಮೂವತ್ತು ಮೀರದಂತೆ. ಊದಿಕೊಂಡದ್ದು, ಜಜ್ಜಿಹೋದದ್ದು ವಿಮಾನ ಹತ್ತಲೇಕೂಡದು. ಪೆಟ್ಟಿಗೆಯ ಮೇಲೆ ಗುರುತಿನ ಚೀಟಿ ಅಂಟಿಸಿ, ಒಳಗೇನಿದೆ ಎಂದು ನಿಜ ಹೇಳಿ.

ಇದನ್ನೆಲ್ಲ ಕೇಳುತ್ತಾ ನಾನು ಅವಳ ಕುಪ್ಪಸದ ತೋಳಿನ ಹೊಲಿಗೆ ಸರಿಯಿಲ್ಲ ಎಂದು ಯೋಚಿಸುತ್ತಿದ್ದೆ. ಪರಿಣಾಮ ಏನಾಗಬೇಕೋ ಅದೇ ಆಯಿತು. ಪರೀಕ್ಷೆಯಲ್ಲಿ ಫೇಲಾದೆ. ಇಡೀ ತರಗತಿಯಲ್ಲಿ ನಾನೊಬ್ಬಳೇ.

ಆ ಸಂಜೆ ಮಗ ಅಡುಗೆಮನೆಯಲ್ಲಿ ಪಿಸುಗುಟ್ಟುವುದು ಕೇಳಿಸಿತು, ಅಮ್ಮನಿಗೆ ನಾಲ್ಕು ಅಂಕ ಹಾಕಿಬಿಡು, ಮನೆಯ ನೆಮ್ಮದಿಗೆ ಎಂದು. ಅವಳು ಪಿಸುಗುಟ್ಟಲಿಲ್ಲ.

"ಬೆಂಕಿಗೆ ಅತ್ತೆ ಯಾರು, ಪಕ್ಕದ್ಮನೆಯವ್ರು ಯಾರು ಅಂತ ಗೊತ್ತಾಗಲ್ಲ ರೀ. ನಾನು ಹಾಕಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು. ನನ್ನ ಅತ್ತೆಯ ಮುಂದೆ ನಾನು ಒಂದು ದಿನವಾದರೂ "ಇಲ್ಲ" ಎಂದಿದ್ದೆನೇ? ಇಪ್ಪತ್ತು ವರ್ಷ ಹೂಂ ಎಂದೆ. ಆಕೆ ಹೋದ ದಿನ ಅತ್ತೆ ಮಾತ್ರ ಹೋದರು, ಹೂಂ ಹೋಗಲಿಲ್ಲ... ಇರಲಿ, ಇದು ಬ್ಯಾಟರಿಯ ಸಭೆ.

ಮರುದಿನ ನಾನೇ ಬ್ಯಾಟರಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಹೇಗೆ ಸುತ್ತಬೇಕು, ತೋರಿಸಿ ಎಂದೆ. ಅವಳು ಟೇಪು ಹಿಡಿದು ಕುಳಿತಳು. ಬ್ಯಾಟರಿ ಅಲ್ಲಾಡದ ಹಾಗೆ ಒಳಚೀಲ ಹೊಲಿಯುವುದನ್ನು ನಾನು ತೋರಿಸಿದೆ. ಮೇಜು ಒಂದೇ, ಕತ್ತರಿ ಒಂದೇ. ಮಾತು ಇನ್ನೂ "ನೀವು" ದಾಟಿರಲಿಲ್ಲ.

ದಾಟಿದ್ದು ಒಂದು ಮಧ್ಯಾಹ್ನ. ಇದೇ ಊರಿನ ಗಿರಾಕಿಯೊಬ್ಬರು ಪಟ್ಟಿ ವಾಪಸು ತಂದುಕೊಟ್ಟು ಹೋದರು. ಕಾರಿನ ಬಾಗಿಲಿಗೆ ಸಿಕ್ಕಿ ಬ್ಯಾಟರಿ ಜಜ್ಜಿಹೋಗಿ, ದಿಂಬಿನಂತೆ ಉಬ್ಬಿತ್ತು. ಉಬ್ಬಿದ್ದನ್ನು ಮರಳಿನಲ್ಲಿಡಬೇಕೆಂಬ ಪಾಠ ನೆನಪಾಯಿತು. ಅದನ್ನು ಮಷೀನಿನ ಪಕ್ಕ ಇಟ್ಟು, ಮರಳಿನ ಬಕೆಟ್ ತರಲು ಹಿತ್ತಿಲಿಗೆ ಹೋದೆ. ಬರುವಷ್ಟರಲ್ಲಿ ಒಳಗಿನಿಂದ ಹಾವು ಬುಸುಗುಟ್ಟಿದ ಸದ್ದು, ಆಮೇಲೆ ಬಿಳಿ ಹೊಗೆ, ಆಮೇಲೆ ಪಟಾರನೆ ಬೆಂಕಿ. ನನ್ನ ಬಟ್ಟೆ, ನನ್ನ ಪರದೆ, ಹೊಲಿಗೆಮನೆಯಲ್ಲಿ ಹೊತ್ತಿಕೊಳ್ಳದ ವಸ್ತು ಯಾವುದಿರುತ್ತದೆ?

ಕೋಣೆಯಲ್ಲಿ ಮಲಗಿದ್ದ ಸೊಸೆ ಎದ್ದು ಓಡಿಬಂದಳು. ಬಾಗಿಲ ಕಡೆಗಲ್ಲ, ನೇರ ಬೆಂಕಿಯ ಕಡೆಗೆ. ನನ್ನ ಮಷೀನನ್ನು ಎಳೆಯಲು. ಆ ಹೊಗೆ ವಿಷ, ಮೊದಲು ಜನ ಹೊರಗೆ, ವಸ್ತು ಆಮೇಲೆ ಎಂದು ತರಗತಿಯಲ್ಲಿ ಗಂಟಲು ಹರಿದುಕೊಂಡವಳು ಅವಳೇ. ನನಗೆ ಆ ಮಷೀನು ಎಂದರೆ ಏನೆಂದು ಅವಳು ಎಂದೋ ತಿಳಿದುಕೊಂಡಿದ್ದಳು. ಅದೊಂದು ವಿಷಯದಲ್ಲಿ ಪಾಠವನ್ನೆಲ್ಲ ಮರೆತುಬಿಟ್ಟಳು.

ಅವಳ ರಟ್ಟೆ ಹಿಡಿದು ಎಳೆದೆ. "ಮಷೀನ್ ಸುಟ್ಟು ಹೋಗ್ಲಿ. ನೀನು ಬಾರೇ."

ಬಾಗಿಲು ಎಳೆದುಕೊಂಡು, ಹೊರಗೆ ಬಂದು, ಠಾಣೆಗೆ ಫೋನು ಮಾಡಿದೆವು. ಈ ಅಧಿಕಾರಿಗಳು ತಮ್ಮ ತಂಡದೊಂದಿಗೆ ಬಂದರು. ಪುಣ್ಯಾತ್ಮರು, ನೀರು ಸುರಿದು ಸುರಿದು ಆ ಬ್ಯಾಟರಿಯನ್ನು ತಣ್ಣಗೆ ಮಾಡಿದರು. ಅಂದು ನಿಮಗೆ ಕೂರಿ ಎನ್ನಲೂ ಆಗಲಿಲ್ಲ ಸ್ವಾಮಿ, ಕುರ್ಚಿ ಉರಿಯುತ್ತಿತ್ತು.

ನಾವಿಬ್ಬರೂ ಎದುರುಮನೆಯ ಮೆಟ್ಟಿಲ ಮೇಲೆ ಕುಳಿತಿದ್ದೆವು. ಮುಖವೆಲ್ಲ ಮಸಿ. ಹೋಗಲಿ, ಇಬ್ಬರೂ ಹೊರಗೆ ಬಂದೆವಲ್ಲ ಎಂದು ನಾನು ಹೇಳಿದೆ. ಅವಳು ನನ್ನ ಸೆರಗಿನಿಂದಲೇ ಮೂಗು ಒರೆಸಿಕೊಂಡಳು.

"ಇಬ್ರಲ್ಲ ಅತ್ತೆ. ಮೂರು ಜನ."

ಕ್ಷಮಿಸಿ. ಒಂದು ಗುಟುಕು ನೀರು ಕುಡಿಯುತ್ತೇನೆ.

ಕೋಣೆಗೆ ಸುಣ್ಣ ಹೊಡೆಸಿದ್ದಾಯಿತು. ಹೊಸ ಮಷೀನು ಬಂದಿದೆ. ಹಳೆಯದಕ್ಕಿಂತ ಚೆನ್ನಾಗಿ ಓಡುತ್ತದೆ, ಹೇಳಿಕೊಳ್ಳಲು ಮನಸ್ಸಿಲ್ಲ ಅಷ್ಟೆ. ಪಟ್ಟಿಗಳಿಗೆ ಈಗ ಗುಂಡಿಯ ಮೇಲೊಂದು ಗಟ್ಟಿ ಮುಚ್ಚಳವಿದೆ, ಅದು ಸೊಸೆಯ ಉಪಾಯ. ಎರಡನೇ ಸಲ ಪರೀಕ್ಷೆ ಬರೆದೆ. ಪಾಸಾದೆ. ಎಷ್ಟು ಅಂಕ ಎಂದು ಯಾರೂ ಕೇಳಬೇಡಿ. ಮೊದಲ ಸ್ಥಾನವೆಂದು ಹೇಳಿಕೊಳ್ಳುವುದು ನನಗೆ ಸಂಕೋಚ.

ಕೊನೆಯದಾಗಿ ಒಂದು ಸಂತೋಷದ ಸಮಾಚಾರ. ನಮ್ಮ ಅಧ್ಯಾಪಕಿಗೆ ಇನ್ನು ಹೆರಿಗೆ ರಜೆ. ಪಾಠವನ್ನು ಇಲ್ಲಿನ ಇನ್ನೊಬ್ಬ ಅಧ್ಯಾಪಕರು ಮಾಡುತ್ತಾರೆ. ಪ್ಯಾಕಿಂಗ್ ಕೈಕೆಲಸ ಹೇಳಿಕೊಟ್ಟು ಅದಕ್ಕೆ ಅಂಕ ಹಾಕಲು ಅಧ್ಯಕ್ಷರು ನನ್ನನ್ನು ಕೇಳಿದ್ದಾರೆ. ನಾನು ಒಪ್ಪಿದ್ದೇನೆ. ಮುಂದಿನ ತಂಡಕ್ಕೆ ಮೊದಲು ಹೆಸರು ಕೊಟ್ಟವನು ನನ್ನ ಮಗ. ಸೊಸೆಯ ಬದಲು ಇನ್ನು ಪೆಟ್ಟಿಗೆ ಕಟ್ಟಲು ಕೂರುವವನು ಅವನು ತಾನೇ. ನಿನ್ನೆ ಮೆಲ್ಲಗೆ ನನ್ನ ಬಳಿ ಬಂದು, ನಾಲ್ಕು ಅಂಕ ಹೆಚ್ಚು ಹಾಕುತ್ತೀಯಾ ಅಮ್ಮ ಎಂದ. ನಾನು ಸೊಸೆಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ "ಇಲ್ಲ" ಎಂದೆವು. ಅವನು ಈಗ ಅಲ್ಲಿ ಹಿಂದಿನ ಸಾಲಿನಲ್ಲಿ ಪುಸ್ತಕ ತೆರೆದುಕೊಂಡು ಕುಳಿತಿದ್ದಾನೆ. ಓದಿಕೋ ಮಗನೇ, ಚೆನ್ನಾಗಿ ಓದಿಕೋ.

ಕರೆದು ಮಾತಾಡಿಸಿದ ಗೋದಾಮಿನವರಿಗೆ, ನೀರು ಸುರಿದ ಮಹನೀಯರಿಗೆ, ನಡುವೆ ಎದ್ದು ಹೋಗದ ನಿಮಗೆಲ್ಲ ನನ್ನ ಧನ್ಯವಾದ. ಫೇಲು ಮಾಡಿದ ನನ್ನ ಸೊಸೆಗೆ ಎಲ್ಲರಿಗಿಂತ ಹೆಚ್ಚು. ನಮಸ್ಕಾರ.