ಬೇರಿಂಗ್ ಬದಲಿಸಿದ ರಾತ್ರಿ

ಇದು ಅವರಿವರು ಹೇಳಿದ ಕತೆಯಲ್ಲ, ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ಊರವರ ವಾಷಿಂಗ್ ಮೆಷಿನ್ ರಿಪೇರಿ ಮಾಡುವ ಮೆಕ್ಯಾನಿಕ್ ಅವನು. ಅವತ್ತು ಕೆಲಸ ಮುಗಿಯುವಾಗ ಹತ್ತು ದಾಟಿತ್ತು. ಜೇಬಿನಲ್ಲಿ ಮೆಷಿನ್ನಿನ ಡ್ರಮ್ ತಿರುಗಿಸುವ ಹೊಸ ಬೇರಿಂಗ್ ಇಟ್ಟುಕೊಂಡು ಹಾಳುಬಾವಿಯ ಪಕ್ಕದ ದಾರಿಯಲ್ಲಿ ಒಬ್ಬನೇ ಬರುತ್ತಿದ್ದ. ಬಾವಿಯಲ್ಲಿ ಏನೂ ಇರಲಿಲ್ಲ ಬಿಡಿ... ಅವನಿಗೆ ಹೆದರಿಕೆ ಇದ್ದದ್ದು ಹೆಂಡತಿಯದು.

ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗಾಗಿತ್ತು ಅವನ ಪಾಡು. ಹೊಸದಾಗಿ ಹಿಡಿದ ಬಾಡಿಗೆ ಮನೆ. ಹಿಂದಿದ್ದವರು ತಮ್ಮ ಮೆಷಿನ್ ಬಿಟ್ಟೇ ಹೋಗಿದ್ದರು. ನಲ್ಲಿಯಲ್ಲಿ ನೀರು ಬರುವುದು ರಾತ್ರಿ ಮಾತ್ರ, ಒಗೆತವೂ ಆಗಲೇ. ಗರಗರಗರ... ಕಟಕಟ... ಗೋಡೆಯೇ ಅದುರುತ್ತಿತ್ತು. ಹೆಂಡತಿ ನರ್ಸ್, ಬೆಳಗ್ಗೆ ಐದಕ್ಕೆ ಡ್ಯೂಟಿ. ಹತ್ತು ದಿನದಿಂದ ಅವಳಿಗೆ ನಿದ್ದೆಯಿಲ್ಲ. ಅವತ್ತು ಅವನು ಒಳಗೆ ಕಾಲಿಟ್ಟ ಕೂಡಲೇ ಶುರು ಮಾಡಿದಳು.

"ಊರಿಗೆಲ್ಲಾ ನೀವೇ ಡಾಕ್ಟ್ರು. ಇವತ್ತು ಇದರ ಬಾಯಿ ಮುಚ್ಚಿಸ್ಲಿಲ್ಲ ಅಂದ್ರೆ, ನಾಳೆ ನಾನು ತವರಿಗೆ ಹೋಗ್ತೀನಿ."

ಅವನಿಗೆ ಮೈಯೆಲ್ಲ ಉರಿಯಿತು. ಬೆಲ್ಟ್ ಬದಲಿಸಿದ್ದ, ಕಾಲುಗಳನ್ನು ಸಮ ಮಾಡಿದ್ದ, ಪಂಪಿನೊಳಗಿನ ಹೇರ್‌ಪಿನ್ ತೆಗೆದಿದ್ದ. ಇನ್ನೇನು ಮಾಡಬೇಕಿತ್ತು? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡ್ರಮ್ಮಿನ ಹಿಂಬದಿಗೆ ಒತ್ತಿ ಹಿಡಿಗೆ ಕಿವಿ ಇಟ್ಟ. ಯಂತ್ರದ ಹೊಟ್ಟೆಯೊಳಗಿನ ಸದ್ದು ಕೇಳಲು ಇದೇ ಅವನ ಉಪಾಯ. ಗರಗರ. ಅವನ ಅನುಮಾನ ನಿಜ, ಬೇರಿಂಗೇ.

ಹಳೇದೋ, ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಬಡಿದ, ಬೈದ, ಬೆರಳು ಕೊಯ್ದುಕೊಂಡ. ಹೊಸದು ಕೂತಾಗ ಎರಡು ಗಂಟೆ.

ಸ್ವಿಚ್ ಒತ್ತಿದ. ಜುಮ್ಮ್... ಅಷ್ಟೇ. ಎಣ್ಣೆ ಸುರಿದ ಹಾಗೆ ನುಣ್ಣಗೆ ತಿರುಗಿತು. ಅಬ್ಬಾ, ಗೆದ್ದೆ ಅಂದುಕೊಂಡ.

ಥಪ್.

ಥೂ, ಮತ್ತೇನಪ್ಪಾ ಇದು! ಮೆಷಿನ್ ಆಫ್ ಮಾಡಿದ. ಪ್ಲಗ್ಗೇ ಕಿತ್ತ.

ಥಪ್... ಥಪ್...

ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ. ಆ ಮನೆಯಲ್ಲಿ ಒಗೆಯುವ ಕಲ್ಲೇ ಇಲ್ಲ. ಸ್ಕ್ರೂಡ್ರೈವರನ್ನು ಮೆಷಿನ್ನಿಗೆ ಇಟ್ಟ, ಸದ್ದಿಲ್ಲ. ನೆಲಕ್ಕೆ ಇಟ್ಟ, ಇಲ್ಲ. ಕೊನೆಗೆ ಗೋಡೆಗೆ ಇಟ್ಟು ಕಿವಿ ಕೊಟ್ಟ...

ಥಪ್. ಒಂದು ಏದುಸಿರು. ಆಮೇಲೆ ಕಿವಿಗೇ ಬಾಯಿಟ್ಟು ಹೇಳಿದ ಹಾಗೆ, ಹೆಂಗಸಿನ ದನಿ.

"ಕಲೆ ಹೋಗ್ತಿಲ್ಲ... ಕಲೆ ಹೋಗ್ತಾನೇ ಇಲ್ಲ..."

ಸ್ಕ್ರೂಡ್ರೈವರ್ ಕಿತ್ತುಕೊಂಡು ಹಿಂದೆ ಸರಿದ. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ. ಅವಳ ಮುಖ ಬಿಳಿಚಿಕೊಂಡಿತ್ತು.

"ರೀ... ನಿಮಗೂ ಕೇಳ್ತಾ ಇದ್ಯಾ?"

"ಹೂಂ."

"ಹಳೇ ಬೇರಿಂಗ್ ಎಲ್ಲಿ?"

"ಕಸದ ಬುಟ್ಟೀಲಿ."

"ತೆಗೀರಿ," ಪಿಸುಗುಟ್ಟಿದಳು. "ವಾಪಸ್ ಹಾಕಿ."

ಹತ್ತು ದಿನದ ಹೆಣಗಾಟ, ಕೊಯ್ದ ಬೆರಳು, ಎಲ್ಲ ನೀರಲ್ಲಿ ಹೋಮ. ಅಳುವೇ ಬಂತು ಅವನಿಗೆ. ಆದರೂ ತುಕ್ಕು ಹಿಡಿದ ಬೇರಿಂಗನ್ನು ಕಸದಿಂದ ಹೆಕ್ಕಿ, ಒರೆಸಿ, ಬಡಿದು ಕೂರಿಸಿದ. ಅವಳು ಟಾರ್ಚ್ ಹಿಡಿದು ನಿಂತಳು, ಕದಲಲಿಲ್ಲ. ನಾಲ್ಕು ಗಂಟೆಗೆ ಮೆಷಿನ್ ಮತ್ತೆ ಗರಗರ ಅಂತು, ಗೋಡೆಯ ಸದ್ದು ಅದರಡಿ ಮುಳುಗಿಹೋಯಿತು. ಅವಳು ಅಲ್ಲೇ ಗೋಡೆಗೆ ಬೆನ್ನು ಕೊಡದೆ, ಮೆಷಿನ್ನಿಗೆ ಒರಗಿ ಕೂತು ಕಣ್ಣು ಮುಚ್ಚಿದಳು.

ಸುಳ್ಳು ಅಂತೀರಾ? ಹೋಗಿ ಕೇಳಿಸಿಕೊಳ್ಳಿ. ಅವನ ಕೈ ತಾಗಿದ ಮೆಷಿನ್‌ಗಳೆಲ್ಲ ಸದ್ದಿಲ್ಲದೆ ಓಡುತ್ತವೆ, ಅವನ ಮನೆಯದು ಮಾತ್ರ ರಾತ್ರಿಯಿಡೀ ಬೊಬ್ಬೆ ಹೊಡೆಯುತ್ತದೆ. ನಾನೇ ಮುಚ್ಚಳ ತೆಗೆದು ನೋಡಿದ್ದೇನೆ. ಒಳಗೆ ಒಂದು ಬಟ್ಟೆಯೂ ಇರುವುದಿಲ್ಲ.