ಸ್ಕ್ಯಾನ್ ಮಾಡಿದರೆ ಬರುವ ಹೆಸರು

ಥಾಯ್ಲೆಂಡಿನ ಲಂಪಾಂಗ್‌ನ ಪಾರ್ಸೆಲ್ ಕಚೇರಿಯ ಸಾಲಿನಲ್ಲಿ, ತನ್ನ ಸರದಿಗೆ ಕಾಯುತ್ತಿದ್ದ ವಾಸನಾಳ ಮುಂದೆ, ಬುವಲೊಯ್ ಮೆಣಸಿನ ಚಟ್ನಿಯ ಡಬ್ಬ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಬುವಲೊಯ್‌ಳ ತಮ್ಮ ಪ್ರಾಸಿತ್.

"ಗಿರಾಕಿಗಳು ದುಡ್ಡು ಕಳಿಸೋಕೆ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಯಾರ ಹೆಸರು ಬರುತ್ತೋ?" ಎಂದು ಬುವಲೊಯ್ ಕೇಳಿದಳು.

"ನನ್ನ ಹೆಂಡ್ತೀದು. ಏನೀಗ?"

"ಅರೆಯೋ ಕೈ ನಂದು."

"ನಿನಗೆ ಬ್ಯಾಂಕಿನ ಆ್ಯಪ್ ಬರಲ್ವಲ್ಲಕ್ಕಾ."

"ಕಲಿಸು ಅಂತ ಎರಡು ವರ್ಷದಿಂದ ಗೋಗರೀತಿದೀನಿ."

"ಸರಿ, ಕಾರ್ಡ್ ಮಿಷನ್ ಇಡೋಣ."

"ಚಟ್ನಿಗೆ ನಮ್ಮೋರು ಯಾರೋ ಕಾರ್ಡ್ ಉಜ್ತಾರೆ? ಅದೂ ನಿನ್ನ ಹೆಂಡ್ತಿ ಖಾತೆಗೇ ತಾನೇ?"

"ನನ್ನ ಮೇಲೆ ನಂಬಿಕೆ ಇಲ್ವಾ?"

"ಇತ್ತು."

ಸರದಿ ಬಂತು. ಬುವಲೊಯ್ ಕೌಂಟರಿನವಳಿಗೆ, "ಪಾರ್ಸೆಲ್ ಕೊಡೋವಾಗ ಗಿರಾಕಿ ಮನೆಬಾಗಿಲಲ್ಲೇ ದುಡ್ಡು ಇಸ್ಕೊಳ್ಳಮ್ಮ. ದುಡ್ಡು ಪಡೆಯೋಳು ಅಂತ ನನ್ನ ಹೆಸರು ಬರ್ಕೋ," ಎಂದಳು.

"ಅರ್ಧಕ್ಕರ್ಧ ಜನ ತಗೊಳ್ದೆ ವಾಪಸ್ ಕಳಿಸ್ತಾರೆ. ಅನುಭವಿಸು!" ಎಂದು ಪ್ರಾಸಿತ್ ಹೊರನಡೆದ.

ರಸೀದಿ ಮಡಚಿಕೊಂಡು ಬುವಲೊಯ್ ಹೊರಬರುವಷ್ಟರಲ್ಲಿ ಇಬ್ಬರೂ ಬಂದಿದ್ದ ತಮ್ಮನ ಬೈಕ್ ಹೋಗಿಯಾಗಿತ್ತು. ಬಸ್ ನಿಲ್ದಾಣದತ್ತ ಅವಳೊಬ್ಬಳೇ ನಡೆದದ್ದನ್ನು ವಾಸನಾ ಗಾಜಿನಾಚೆ ನೋಡಿದಳು.