ಹದ್ದು ಸುತ್ತುವ ಜಾಗ

ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯೊಬ್ಬಳು ರಿಮೋಟಿನಲ್ಲಿ ಹಾರಿಸುವ ಮಾದರಿ ಗ್ಲೈಡರ್ ವಿಮಾನದ ಉದ್ದನೆಯ ರೆಕ್ಕೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಅವಳ ಸೋದರತ್ತೆ.

"ಮೂರು ಸಲ ರೆಕ್ಕೆ ಹಗುರ ಮಾಡ್ದೆ ಕಣತ್ತೆ. ಮೇಲೇರಿಸಿ ಮೋಟ್ರು ಆಫ್ ಮಾಡುದ್ರೆ ನಾಕೇ ನಿಮಿಷಕ್ಕೆ ಇಳಿದ್ಬುಡ್ತದೆ. ಭಾನುವಾರ ಸ್ಪರ್ಧೇಲಿ ಹತ್ತು ನಿಮಿಷ ತೇಲ್ಬೇಕು."

"ಎಲ್ಲಿ ಹಾರ್ಸುದ್ದು?"

"ನಮ್ ಗದ್ದೆ ಮ್ಯಾಲೆ. ಬಿದ್ರೂ ಮುರಿಯಕ್ಕಿಲ್ಲ ಅಂತ."

"ನೀರು ನಿಂತಿರೋ ಗದ್ದೆ ಮ್ಯಾಲೆ ಹದ್ದು ಸುತ್ತೋದ ಯಾವತ್ತಾರ ನೋಡಿದ್ದೀಯೇನವ್ವ? ಅವು ತೇಲೋದು ಕಾದ ಬಂಡೆ ಮ್ಯಾಲೆ. ಅಲ್ಲಿ ಬಿಸಿಗಾಳಿ ಎತ್ತುತದೆ."

ಹುಡುಗಿ ಸೀರೆ ಸುತ್ತಿದ ರೆಕ್ಕೆಯತ್ತ ನೋಡಿದಳು. ಆಮೇಲೆ ನಕ್ಕಳು.

"ಅಂಗಾರೆ ರೆಕ್ಕೇದೇನೂ ತಪ್ಪಿಲ್ವಾ?"

"ರೆಕ್ಕೆ ಚೆಂದಾಗೈತೆ ಬುಡು."

ಕಲ್ಲುಬೆಟ್ಟದ ಮೇಲುಕೋಟೆಗೆ ಹೋಗುವ ಬಸ್ಸು ಬಂತು. ಅತ್ತೆಯೇ ಮೊದಲು ಹತ್ತಿದರು.

"ಕಿಟಕಿ ಪಕ್ಕ ನಾನೇ ಕೂತ್ಕತೀನಿ. ಹದ್ದು ಎಲ್ಲಿ ಸುತ್ತುತವೆ ಅಂತ ನೋಡ್ಬೇಕು."